ವಿಶ್ವವಿದ್ಯಾನಿಲಯದ ಹೆಸರೂ ವಿದ್ಯಾರ್ಥಿಯ ದಿನಗಳೂ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಚಿಂತೆಯು ಮನೆಯಿಂದ ಮನೆಗೆ ನಡೆದುಬರುವದುಂಟು. ಈ ವರುಷ ಅದು ನನ್ನ ಮನೆಯ ಜಗಲಿಗೂ ಬಂತು. ಸಭೆಯ ಹಿರಿಯರೊಬ್ಬರು ಒಂದು ಸಾಯಂಕಾಲ ತಮ್ಮ ಮಗಳನ್ನು ಕರಕೊಂಡು ಬಂದು ಕೂತರು. ಹುಡುಗಿಯು ಬಿ.ಎಸ್ಸಿ. ಪರೀಕ್ಷೆಯನ್ನು ಮೊದಲನೆಯ ವರ್ಗದಲ್ಲಿ ಮುಗಿಸಿದ್ದಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವದಕ್ಕೆ ಎರಡು ಕಡೆಗಳಲ್ಲಿ ಸೀಟು ದೊರೆತಿತ್ತು. ಒಂದು, ಹೆಸರು ಹೇಳಿದೊಡನೆ ಕೇಳಿದವರು ತಲೆದೂಗುವಂಥ, ದೊಡ್ಡ ಪಟ್ಟಣದ ವಿಶ್ವವಿದ್ಯಾನಿಲಯ. ಇನ್ನೊಂದು, ನಮ್ಮೂರಿನಿಂದ ಬಸ್ಸಿನಲ್ಲಿ ನಾಲ್ಕು ತಾಸಿನ ದಾರಿಯಲ್ಲಿರುವ ಹೊಸದು. ಅದರ ಹೆಸರು ಹೇಳಿದರೆ, ಅದು ಎಲ್ಲಿದೆ ಎಂದು ಜನರು ಕೇಳುವರು.

“ಉಪದೇಶಿಯವರೇ, ನೀವು ಓದಿದವರು, ನೀವೇ ಹೇಳಬೇಕು. ಹೆಸರನ್ನು ನೋಡಬೇಕೋ, ಮಗು ಅಲ್ಲಿ ಹೇಗಿದ್ದೀತೆಂಬದನ್ನು ನೋಡಬೇಕೋ?” ಎಂದು ತಂದೆಯು ಕೇಳಿದರು. ಮಗಳು ಏನೂ ಅನ್ನದೆ ಕೂತಿದ್ದಳು.

ನಾನು ಆ ದಿನ ಉತ್ತರ ಕೊಡಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆನು. ಆದರೆ ಆ ಪ್ರಶ್ನೆಯು ನನ್ನನ್ನು ಅನೇಕ ರಾತ್ರಿಗಳಲ್ಲಿ ಬಿಡದೆ ಇದ್ದದರಿಂದ, ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಇಂಥ ಪ್ರಶ್ನೆಯು ನಿಮ್ಮ ಮನೆಗಳಲ್ಲಿಯೂ ಕೂತಿರಬಹುದು.

ಮೊದಲು, ವಿಶ್ವವಿದ್ಯಾನಿಲಯದ ಹೆಸರು ಅಂದರೆ ಏನೆಂಬದನ್ನು ವಿಚಾರಿಸೋಣ. ಮದ್ರಾಸು, ಬೊಂಬಾಯಿ, ಕಲ್ಕತ್ತಗಳ ವಿಶ್ವವಿದ್ಯಾನಿಲಯಗಳು 1857ರಲ್ಲಿ ಸ್ಥಾಪಿತವಾದಾಗ ಅವು ಲಂಡನಿನ ಮಾದರಿಯಂತೆ ಪರೀಕ್ಷೆ ನಡಿಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವೇ ಹೊರತು ಪಾಠ ಹೇಳುವವುಗಳಾಗಿರಲಿಲ್ಲ. ಮಂಗಳೂರಿನ ಹುಡುಗನು ಮಂಗಳೂರಿನಲ್ಲಿಯೇ ಕಲಿತು ಮದ್ರಾಸಿನ ಪದವಿಯನ್ನು ಪಡೆಯುತ್ತಿದ್ದನು. ಧಾರವಾಡದ ಹುಡುಗನು ಬೊಂಬಾಯಿಯದನ್ನು ಪಡೆಯುತ್ತಿದ್ದನು. 1916ರಲ್ಲಿ ಮೈಸೂರಿನ ವಿಶ್ವವಿದ್ಯಾನಿಲಯವು ಹುಟ್ಟುವ ವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನವರಿಗೂ ಮದ್ರಾಸೇ ಗತಿಯಾಗಿತ್ತು. ಹೀಗೆ ಪದವಿಪತ್ರದ ಮೇಲಿನ ಹೆಸರು ಒಂದು ಊರಿನದು, ಹುಡುಗನು ಉಂಡ ಅನ್ನವೂ ಕೇಳಿದ ಪಾಠವೂ ಇನ್ನೊಂದು ಊರಿನವು. ಆ ಮೇಲೆ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ, 1964ರಲ್ಲಿ ಬೆಂಗಳೂರಿನದು, 1980ರಲ್ಲಿ ಮಂಗಳೂರಿನದೂ ಗುಲ್ಬರ್ಗದ್ದೂ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಎಂಬದಾಗಿ ಒಂದೊಂದು ಸೀಮೆಗೂ ಒಂದೊಂದು ಬಂತು. ಆದರೂ ಇಂದಿಗೂ ನಮ್ಮ ಮಕ್ಕಳಲ್ಲಿ ಬಹುಮಂದಿ ಕಲಿಯುವದು ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಅಲ್ಲ, ಅದಕ್ಕೆ ಸೇರಿದ ಕಾಲೇಜುಗಳಲ್ಲಿಯೇ. ಆದದರಿಂದ ಹೆಸರೂ ದಿನಚರಿಯೂ ಬೇರೆ ಬೇರೆ ಸಂಗತಿಗಳೆಂಬದು ಹೊಸ ಮಾತಲ್ಲ.

ಇನ್ನು ಆ ಹೆಸರು ಎಲ್ಲಿಂದ ಬಂತು? ಮುಂಚೆ ಅಲ್ಲಿ ಕಲಿಸಿದವರಿಂದಲೂ ಕಲಿತವರಿಂದಲೂ ಬಂತು. ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರ ವರೆಗೆ ರಾಧಾಕೃಷ್ಣನ್ ಅವರು ತತ್ವಶಾಸ್ತ್ರವನ್ನು ಕಲಿಸಿದರು. ಅಲ್ಲಿಯೇ ಹಿರಿಯಣ್ಣನವರಿದ್ದರು, ಬಿ.ಎಂ. ಶ್ರೀಕಂಠಯ್ಯನವರಿದ್ದರು, ವೆಂಕಣ್ಣಯ್ಯನವರಿದ್ದರು, ಕುವೆಂಪುರವರು ಅಲ್ಲಿಯೇ ಓದಿ 1929ರಲ್ಲಿ ಎಂ.ಎ. ಆದರು. ಇಂಥವರಿದ್ದ ಮನೆಗೆ ಕೀರ್ತಿ ಬಾರದೆ ಇದ್ದೀತೇ? ಆದರೆ ಸತ್ತವರು ತರಗತಿಗೆ ಬರುವದಿಲ್ಲ. ಅಜ್ಜನು ತೋಡಿಸಿದ ಬಾವಿಯು ಊರಿಗೆಲ್ಲಾ ಹೆಸರಾಗಿದ್ದರೂ, ಈ ಬೇಸಿಗೆಯಲ್ಲಿ ಅದರೊಳಗೆ ನೀರುಂಟೋ ಇಲ್ಲವೋ ಎಂಬದನ್ನು ಕೊಡವು ಹೊತ್ತವಳೇ ಬಗ್ಗಿ ನೋಡಬೇಕು. (ಬಾವಿಯಲ್ಲಿ ನೀರಿರುವದೂ ಉಂಟು. ಹಳೆಯದೆಲ್ಲಾ ಬತ್ತಿದ್ದೆಂದು ಹೇಳುವವರನ್ನು ನಾನು ನಂಬುವವನಲ್ಲ.)

ಈಗಿನ ಕಾಲದಲ್ಲಿ ಹೆಸರನ್ನು ಅಳೆಯುವದಕ್ಕೆ ಸರ್ಕಾರವೇ ಒಂದು ಅಳತೆಗೋಲನ್ನು ಮಾಡಿಕೊಟ್ಟಿದೆ. ಎನ್.ಐ.ಆರ್.ಎಫ್. ಎಂಬ ಪಟ್ಟಿಯು 2016ರಲ್ಲಿ ಮೊದಲ ಸಾರಿ ಪ್ರಕಟವಾಯಿತು. ವಿಶ್ವವಿದ್ಯಾನಿಲಯಗಳ ವರ್ಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಂದಿನಿಂದ ವರುಷ ವರುಷವೂ ಮೊದಲಿನ ಸ್ಥಾನದಲ್ಲಿ ನಿಂತು ಬಂದಿದೆ. ನೂರು ಅಂಕಗಳನ್ನು ಅವರು ಹಂಚಿರುವ ರೀತಿ ಹೀಗಿದೆ: ಕಲಿಸುವಿಕೆಗೂ ಸಾಧನಸಾಮಗ್ರಿಗೂ 30, ಸಂಶೋಧನೆಗೆ 30, ಕಲಿತವರು ತೇರ್ಗಡೆಯಾಗಿ ಹೊರಬಿದ್ದ ಫಲಕ್ಕೆ 20, ಸ್ತ್ರೀಯರು, ಬಡವರು, ಪರರಾಜ್ಯದವರು ಮುಂತಾದವರನ್ನು ಸೇರಿಸಿಕೊಂಡದ್ದಕ್ಕೆ 10, ಜನರ ಅಭಿಪ್ರಾಯಕ್ಕೆ 10. ಇದರಲ್ಲಿ ನಮ್ಮ ಮಕ್ಕಳಿಗೆ ಉಪಯೋಗವಾದದ್ದು ಇಲ್ಲವೆಂದು ಹೇಳಲಾರೆನು. ಒಬ್ಬ ಅಧ್ಯಾಪಕನಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು ಎಂಬ ಲೆಕ್ಕವು ಅದರೊಳಗೆ ಸೇರಿದೆ; ಅದು ಬಹು ಮುಖ್ಯವಾದ ಲೆಕ್ಕ. ಆದರೆ ಸಂಶೋಧನೆಯ 30 ಅಂಕಗಳನ್ನು ಗಳಿಸಿಕೊಟ್ಟ ಪಂಡಿತನು ಎಂ.ಎಸ್ಸಿ.ಯ ಮೊದಲನೆಯ ವರುಷದ ತರಗತಿಗೆ ಕಾಲಿಡದೆಯೂ ಇರಬಹುದು. ಹಾಸ್ಟೆಲಿನ ಸಾರು ಎಷ್ಟು ನೀರಾಗಿದೆ, ಜ್ವರ ಬಂದ ಹುಡುಗಿಯ ಕೋಣೆಯ ಬಾಗಿಲನ್ನು ಯಾರು ತಟ್ಟುತ್ತಾರೆ, ಇಂಗ್ಲಿಷಿನಲ್ಲಿ ತಡವರಿಸಿದವನನ್ನು ನೋಡಿ ನಗುವರೋ ಕಾಯುವರೋ ಎಂಬವುಗಳಿಗೆ ಆ ನೂರರಲ್ಲಿ ಒಂದು ಅಂಕವೂ ಇಲ್ಲ. ಅಳತೆಗೋಲಿನ ತಪ್ಪು ಇದಲ್ಲ. ಮೊಳಕೋಲಿನಿಂದ ಹಾಲನ್ನು ಅಳೆಯಲಾಗುವದಿಲ್ಲ.

ಹಾಗಾದರೆ ಹೆಸರು ವ್ಯರ್ಥವೋ? ಉಪದೇಶ ಮಾಡುವವರಾದ ನಮಗೆ ಹೌದೆನ್ನುವದು ಸುಲಭ. ಲೋಕದ ಕೀರ್ತಿಯು ಹೊಗೆಯೆಂದು ಹೇಳಿ ಎದ್ದುಹೋಗಬಹುದು. ಡಾಕ್ಟರ್ ಕಿಟ್ಟೆಲ್ ಅವರ ದೃಷ್ಟಾಂತವನ್ನೂ ತರಬಹುದು. ಅವರು 1853ರಲ್ಲಿ ಈ ದೇಶಕ್ಕೆ ಬಂದಾಗ ಯಾವ ವಿಶ್ವವಿದ್ಯಾನಿಲಯದ ಪದವಿಯನ್ನೂ ತರಲಿಲ್ಲ. ಬಾಸೆಲಿನ ಮಿಷನ್ ಶಾಲೆಯಲ್ಲಿ ಕಲಿತಿದ್ದರು, ಅಷ್ಟೇ. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮೇಲೆ, 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ತಾನಾಗಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಕೆಲಸವು ಮುಂದೆ, ಹೆಸರು ಹಿಂದೆ. ಈ ದೃಷ್ಟಾಂತವನ್ನು ನಾನು ಸಹ ಯೌವನಸ್ಥರ ಕೂಟಗಳಲ್ಲಿ ಎಷ್ಟೋ ಸಾರಿ ಹೇಳಿದ್ದೇನೆ. ಆದರೆ ಅದರಲ್ಲಿ ನಾನು ಬಿಟ್ಟುಬಿಡುತ್ತಿದ್ದ ಒಂದು ಸಂಗತಿಯುಂಟು. ಕಿಟ್ಟೆಲ್ ಅವರ ಬೆನ್ನ ಹಿಂದೆ ಒಂದು ಮಿಷನ್ ಇತ್ತು, ಅಚ್ಚುಕೂಟವಿತ್ತು. ನಮ್ಮ ಜಗಲಿಯ ಮೇಲೆ ಕೂತಿದ್ದ ಹುಡುಗಿಯ ಬೆನ್ನ ಹಿಂದೆ ಇರುವದು ಎರಡು ಎಕ್ರೆ ಹೊಲ.

ಧನಿಕನ ಮಗನಿಗೆ ಸೋದರಮಾವನ ಒಂದು ಮಾತು ಬಾಗಿಲನ್ನು ತೆರೆಯುತ್ತದೆ. ಬಡವನ ಮಗಳಿಗೆ ಪದವಿಪತ್ರದ ತಲೆಯ ಮೇಲಿನ ಹೆಸರೇ ಶಿಫಾರಸು. ಅವಳನ್ನು ಕಾಣದ, ಅವಳ ಊರನ್ನು ಅರಿಯದ ಒಬ್ಬ ಅಧಿಕಾರಿಯು ನೂರು ಅರ್ಜಿಗಳಲ್ಲಿ ಹತ್ತನ್ನು ಎತ್ತಿಕೊಳ್ಳುವಾಗ ಅವನ ಕಣ್ಣು ಮೊದಲು ಬೀಳುವದು ಆ ಹೆಸರಿನ ಮೇಲೆಯೇ. ಇದು ನ್ಯಾಯವೆಂದು ನಾನು ಹೇಳುವದಿಲ್ಲ, ಆದರೆ ಲೋಕದ ನಡವಳಿಕೆಯು ಹೀಗೆಯೇ ಇದೆ. ಹೆಸರನ್ನು ತಾತ್ಸಾರ ಮಾಡುವದು ಹೊಟ್ಟೆ ತುಂಬಿದವನ ವೈರಾಗ್ಯವಾಗಬಾರದು. ಆದದರಿಂದ ಹೆಸರಿಗೆ ಬೆಲೆಯುಂಟು, ಮತ್ತು ಯಾರ ಕೈಯಲ್ಲಿ ಬೇರೆ ಏನೂ ಇಲ್ಲವೋ ಅವರಿಗೇ ಹೆಚ್ಚು ಉಂಟು ಎಂಬದನ್ನು ಒಪ್ಪಿಕೊಂಡ ಮೇಲೆಯೇ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಎತ್ತತಕ್ಕದ್ದು.

ಆ ಇನ್ನೊಂದು ತಟ್ಟೆಯಲ್ಲಿರುವದು ವಿದ್ಯಾರ್ಥಿಯ ದಿನಗಳು. ಎರಡು ವರುಷವೆಂದರೆ ಏಳು ನೂರು ದಿನಗಳಿಗೆ ಮೇಲ್ಪಟ್ಟು. ಅಷ್ಟು ಸಾರಿ ಏಳಬೇಕು, ಉಣ್ಣಬೇಕು, ಯಾರೊಂದಿಗಾದರೂ ಮಾತಾಡಬೇಕು, ಮಲಗಬೇಕು. ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಅವರ ಚರಿತ್ರೆಯನ್ನು ನೋಡಿರಿ. ಊರಿನ ಕಾಲೇಜಿನಲ್ಲಿ ಗಣಿತದ ಹೊರತು ಬೇರೆ ವಿಷಯಗಳಲ್ಲಿ ಸೋತು ವಿದ್ಯಾರ್ಥಿವೇತನವನ್ನು ಕಳಕೊಂಡರು. ಮದ್ರಾಸಿನಲ್ಲಿಯೂ ಪರೀಕ್ಷೆ ದಾಟಲಿಲ್ಲ. 1914ರಲ್ಲಿ ಕೇಂಬ್ರಿಜಿಗೆ ಹೋದರು. ಅಲ್ಲಿ ಅವರಿಗೆ ದೊರೆತದ್ದು ಬರೀ ಒಂದು ಕೀರ್ತಿವಂತ ಅಂಗಳವಲ್ಲ, ತನ್ನ ಕಾಗದಗಳನ್ನು ಓದಿ ತಿಳುಕೊಳ್ಳಬಲ್ಲ ಹಾರ್ಡಿ ಎಂಬ ಒಬ್ಬ ಮನುಷ್ಯನು. ಅವನಿಲ್ಲದಿದ್ದರೆ ಇಂದು ಅವರ ಹೆಸರನ್ನು ನಾವು ಕೇಳುತ್ತಿರಲಿಲ್ಲವೇನೋ. ಆದರೆ ಅದೇ ಊರಿನಲ್ಲಿ ಶಾಕಾಹಾರಿಯಾದ ಅವರು ಯುದ್ಧಕಾಲದ ಅಭಾವದೊಳಗೆ ತಾವೇ ಬೇಯಿಸಿಕೊಂಡು, ಚಳಿಯನ್ನೂ ಒಂಟಿತನವನ್ನೂ ಸಹಿಸಿಕೊಂಡು 1917ರಲ್ಲಿ ರೋಗದಲ್ಲಿ ಬಿದ್ದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತನ ಬಂತು. 1919ರಲ್ಲಿ ಊರಿಗೆ ತಿರಿಗಿ ಬಂದು 1920ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೋಗಬಾರದಿತ್ತೆಂದು ಯಾರು ಹೇಳಬಲ್ಲರು? ಅವರ ಅಡಿಗೆಯ ಒಲೆಯು ಅಲ್ಪ ಸಂಗತಿಯೆಂದಾದರೂ ಯಾರು ಹೇಳಬಲ್ಲರು?

ನಮ್ಮ ಹಿರಿಯರು ಈ ಒಲೆಯ ವಿಷಯವನ್ನು ಮರೆತಿರಲಿಲ್ಲ. ಬಡ ಹುಡುಗರು ವಾರಾನ್ನ ಮಾಡಿಕೊಂಡು, ಅಂದರೆ ವಾರದ ಏಳು ದಿನಗಳಲ್ಲಿ ಏಳು ಮನೆಗಳಲ್ಲಿ ಉಂಡು, ಓದಿದ ಕಾಲವಿತ್ತು. ಆ ಊಟದಲ್ಲಿ ಅವಮಾನವೂ ಇತ್ತು, ಜಾತಿಯ ಗೋಡೆಯೂ ಇತ್ತು. ಅದನ್ನು ಹೊಗಳುವದಕ್ಕೆ ನಾನು ಇದನ್ನು ಹೇಳುತ್ತಾ ಇಲ್ಲ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ, ನಮ್ಮ ಮಿಷನಿನ ಬೋರ್ಡಿಂಗ್ ಶಾಲೆಗಳು, ಇವುಗಳನ್ನು ನಡಿಸಿದವರೆಲ್ಲರೂ ಒಂದನ್ನು ಅರಿತಿದ್ದರು: ಪಾಠಕ್ಕೆ ಮುಂಚೆ ಅನ್ನ, ಅನ್ನದೊಂದಿಗೆ ವಿಚಾರಿಸುವವರು ಬೇಕು.

ಈಗ ನಾನು ಆ ಹಿರಿಯರಿಗೆ ಕೂಡಲೆ ಉತ್ತರ ಕೊಡದೆ ಹೋದ ಕಾರಣ. ಇಪ್ಪತ್ತು ವರುಷಗಳ ಹಿಂದೆ ನನ್ನ ತಮ್ಮನಿಗೆ ಇಂಥದೇ ಒಂದು ದೊಡ್ಡ ಹೆಸರಿನ ಸ್ಥಳದಲ್ಲಿ ಸೀಟು ದೊರೆಯಿತು. ಅಪ್ಪನು ತೀರಿಹೋಗಿದ್ದದರಿಂದ ನಿರ್ಣಯವು ನನ್ನದಾಯಿತು. ನಾನು ಆಗ ಸೆಮಿನೆರಿಯಲ್ಲಿ ಓದುತ್ತಿದ್ದೆನು. ತಮ್ಮನು ಇಂಥಲ್ಲಿ ಓದುತ್ತಾನೆಂದು ಸಹಪಾಠಿಗಳ ಮುಂದೆ ಹೇಳುವದು ನನಗೆ ಎಷ್ಟು ರುಚಿಯಾಗಿತ್ತೆಂಬದನ್ನು ಈಗ ನೆನಸಿದರೆ ನಾಚಿಕೆಯಾಗುತ್ತದೆ. ಹಾಸ್ಟೆಲಿನಲ್ಲಿ ಸ್ಥಳವಿರಲಿಲ್ಲ. ಪಟ್ಟಣದ ಅಂಚಿನಲ್ಲಿ ಒಂದು ಕೋಣೆ, ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಕನ್ನಡದಲ್ಲಿ ಓದಿ ಬಂದವರು ಆ ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಕಾಗದಗಳು ಚಿಕ್ಕದಾಗುತ್ತಾ ಬಂದವು. ಓದಿನಲ್ಲಿ ಮುಳುಗಿದ್ದಾನೆಂದು ನಾನು ಅರ್ಥಮಾಡಿಕೊಂಡೆನು. ಎರಡನೆಯ ವರುಷದ ನಡುವೆ ಪೆಟ್ಟಿಗೆಯನ್ನು ಹೊತ್ತುಕೊಂಡು ಮನೆಗೆ ಬಂದನು, ತಿರಿಗಿ ಹೋಗಲಿಲ್ಲ. ಹೆಸರನ್ನು ಹೇಳಿಕೊಂಡು ತಿರುಗಿದವನು ನಾನು, ಆ ದಿನಗಳನ್ನು ಕಳೆದವನು ಅವನು. ಈಗ ಊರಿನಲ್ಲಿ ಹಿಟ್ಟಿನ ಗಿರಣಿಯನ್ನು ನಡಿಸುತ್ತಾನೆ, ನನ್ನ ಮೇಲೆ ಸಿಟ್ಟು ತೋರಿಸಿದ್ದಿಲ್ಲ. ನಾನೂ ಆ ವಿಷಯವನ್ನು ಇಷ್ಟು ವರುಷ ಎತ್ತಿರಲಿಲ್ಲ.

ಹಿರಿಯರು ಬಂದುಹೋದ ವಾರ ಗಿರಣಿಗೆ ಹೋಗಿ ಅವನನ್ನು ಕೇಳಿದೆನು: ಅಲ್ಲಿ ನಿನಗೆ ಏನು ಬೇಕಾಗಿತ್ತು? ಅವನು ಪಟ್ಟಿಯನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದನು. “ಏನಿಲ್ಲ, ಅಣ್ಣಾ. ರಾತ್ರಿ ಊಟಕ್ಕೆ ಪಕ್ಕದಲ್ಲಿ ಕೂಡ್ರಲಿಕ್ಕೆ ಒಬ್ಬ ಇದ್ದಿದ್ದರೆ ಮುಗಿಸುತ್ತಿದ್ದೆನೇನೋ” ಎಂದನು.

ಆ ಮೇಲೆ ನಾನು ಹಿರಿಯರ ಮನೆಗೆ ಹೋಗಿ, ಯಾವದನ್ನು ಆರಿಸಬೇಕೆಂದು ಹೇಳದೆ, ಎರಡೂ ಕಡೆಗೆ ಮಗಳನ್ನು ಕರಕೊಂಡು ಹೋಗಿ ನೋಡಿ ಬನ್ನಿರೆಂದು ಮಾತ್ರ ಹೇಳಿದೆನು. ಆಫೀಸಿನಲ್ಲಿ ಕೊಡುವ ಬಣ್ಣದ ಪುಸ್ತಕವನ್ನು ಓದಿ ತಿರಿಗಿ ಬರಬೇಡಿರಿ. ಸಾಯಂಕಾಲದ ವರೆಗೆ ನಿಂತು, ಹಾಸ್ಟೆಲಿಗೆ ಹೋಗುವ ಹುಡುಗಿಯರನ್ನು ಕೇಳಿರಿ. ಹಾಸ್ಟೆಲಿನಲ್ಲಿ ಸ್ಥಳವುಂಟೆಂಬದನ್ನು ಬಾಯಿಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲಿ ತಿಳುಕೊಳ್ಳಿರಿ. ರ್‍ಯಾಗಿಂಗ್ ಎಂಬ ಪೀಡೆಯನ್ನು ತಡೆಯುವದಕ್ಕೆ 2009ರಲ್ಲಿ ಯು.ಜಿ.ಸಿ.ಯವರು ಮಾಡಿದ ನಿಯಮಗಳು ಎಲ್ಲಾ ಕಡೆಗೂ ಒಂದೇ. ಅವುಗಳನ್ನು ನಡಿಸುವವರು ಯಾರೆಂಬದನ್ನು ಕೇಳಿರಿ. ಹಳಬರಾದ ಅಧ್ಯಾಪಕರು ನಿವೃತ್ತರಾದ ಮೇಲೆ ಅವರ ಸ್ಥಳಗಳು ತುಂಬಿವೆಯೋ, ವರುಷಕ್ಕೊಮ್ಮೆ ಬದಲಾಗುವ ಅತಿಥಿ ಉಪನ್ಯಾಸಕರಿಂದಲೇ ಪಾಠ ನಡೆಯುತ್ತದೋ ಎಂಬದನ್ನೂ ಕೇಳಿರಿ. ಅಪೊಸ್ತಲನಾದ ಪೌಲನು ಯೆರೂಸಲೇಮಿನ ಜನರ ಮುಂದೆ ತನ್ನ ವಿದ್ಯಾಭ್ಯಾಸವನ್ನು ಕುರಿತು ಮಾತಾಡುವಾಗ ಊರನ್ನು ಹೇಳಿ ಗುರುವಾದ ಗಮಲಿಯೇಲನ ಹೆಸರನ್ನು ಹೇಳುತ್ತಾನೆ. ಶಾಲೆಯ ಹೆಸರನ್ನು ಎತ್ತುವದೇ ಇಲ್ಲ.

ಅವರು ಹೋಗಿ ಬಂದರು. ದೊಡ್ಡದರ ಹೆಸರು ಸುಳ್ಳಾಗಿರಲಿಲ್ಲ. ಅಲ್ಲಿಯ ಪ್ರಯೋಗಶಾಲೆಯಲ್ಲಿದ್ದ ಒಂದು ಯಂತ್ರವು ಚಿಕ್ಕದರಲ್ಲಿ ಇರಲಿಲ್ಲವೆಂದು ಹುಡುಗಿಯೇ ಹೇಳಿದಳು. ಹಾಸ್ಟೆಲಿನ ವಿಷಯದಲ್ಲಿ, ಸೇರಿದ ಮೇಲೆ ನೋಡೋಣ ಎಂಬ ಉತ್ತರ ಬಂದಿತ್ತು. ಚಿಕ್ಕದರಲ್ಲಿ ಕೋಣೆಯು ಖಂಡಿತ, ಊಟವು ಸಾಧಾರಣ, ಆದರೆ ಒಬ್ಬ ಅಧ್ಯಾಪಕಿಯು ಪ್ರಯೋಗಶಾಲೆಯ ಮೇಜಿನ ಬಳಿಯಲ್ಲಿ ಇವಳನ್ನು ನಿಲ್ಲಿಸಿಕೊಂಡು, ಬಿ.ಎಸ್ಸಿ.ಯಲ್ಲಿ ಏನು ಮಾಡಿದ್ದೀ ಎಂದು ಮುಕ್ಕಾಲು ತಾಸು ಕೇಳಿದಳಂತೆ. ಆ ಯಂತ್ರದ ಕೆಲಸಕ್ಕೆ ರಜೆಯಲ್ಲಿ ದೊಡ್ಡ ಊರಿಗೆ ಕಳುಹಿಸುವದುಂಟೆಂದೂ ಹೇಳಿದಳಂತೆ. ತಂದೆಗೆ ದೊಡ್ಡದರ ಮೇಲೆಯೇ ಮನಸ್ಸು. ಈ ಸಾರಿ ಮಾತಾಡಿದವಳು ಮಗಳು: “ಅಪ್ಪಾ, ಅಲ್ಲಿ ನನಗೆ ಸೀಟು ಕೊಟ್ಟರು. ಇಲ್ಲಿ ನನ್ನನ್ನು ಪ್ರಶ್ನೆ ಕೇಳಿದರು.”

ಅವಳು ಆರಿಸಿದ್ದು ಸರಿಯೋ ಎಂಬದು ನನಗೆ ಇನ್ನೂ ನಿಶ್ಚಯವಿಲ್ಲ. ನಾಳೆ ಯಾವನೋ ಅಧಿಕಾರಿಯು ಅವಳ ಅರ್ಜಿಯನ್ನು ಹೆಸರಿನ ನಿಮಿತ್ತವೇ ಬದಿಗಿಟ್ಟರೆ, ನಾನು ಅವಳ ಮುಖವನ್ನು ಹೇಗೆ ನೋಡಲಿ ಎಂಬ ಭಯವೂ ಉಂಟು. ಕಳೆದ ಭಾನುವಾರ ಆರಾಧನೆಯಾದ ಮೇಲೆ ಗುಡಿಯ ಅಂಗಳದಲ್ಲಿ ಒಬ್ಬರು ಆ ಹಿರಿಯರನ್ನು, ಮಗಳು ಎಲ್ಲಿ ಓದುತ್ತಾಳೆಂದು ಕೇಳಿದರು. ಇವರು ಹೆಸರನ್ನು ಹೇಳಿದರು. ಕೇಳಿದವರು ಅದನ್ನು ಕೇಳಿಯೇ ಇರಲಿಲ್ಲ. ಹಿರಿಯರು ಒಂದು ಕ್ಷಣ ಸುಮ್ಮನಿದ್ದು, ಆ ಮೇಲೆ ಕೈಗಳನ್ನು ಅಗಲಿಸಿ, ಆ ಪ್ರಯೋಗಶಾಲೆಯ ಮೇಜು ಎಷ್ಟು ಉದ್ದವಿದೆಯೆಂದು ತೋರಿಸತೊಡಗಿದರು.