ಹಾಡಿನ ಋಣ

1994ರ ಸೆಪ್ಟೆಂಬರಿನಲ್ಲಿ ‘ಫ್ರಮ್ ದ ಕ್ರೇಡಲ್’ ಆಲ್ಬಮ್ ಬಂದಾಗ ಎರಿಕ್ ಕ್ಲಾಪ್ಟನ್‌ಗೆ 49 ವರ್ಷ. ಹುಟ್ಟಿದ್ದು ಇಂಗ್ಲೆಂಡಿನ ಸರ್ರೆಯ ರಿಪ್ಲಿ ಎಂಬ ಹಳ್ಳಿಯಲ್ಲಿ. ಆಲ್ಬಮ್ಮಿನ 16 ಹಾಡುಗಳಲ್ಲಿ ಒಂದೂ ಆತ ಬರೆದದ್ದಲ್ಲ. ಎಲ್ಲವೂ ಅಮೆರಿಕದ ಕಪ್ಪು ಬ್ಲೂಸ್ ಗಾಯಕರ ಪರಂಪರೆಯಿಂದ ಬಂದವು. ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು, ಗ್ರ್ಯಾಮಿಯನ್ನೂ ಪಡೆಯಿತು. ನಾನು ಬಹಳ ಇಷ್ಟಪಟ್ಟು ಕೇಳುವ ಆಲ್ಬಮ್ ಇದು. ಕೇಳಿದಾಗಲೆಲ್ಲ ಏಳುವ ಪ್ರಶ್ನೆಯೂ ಒಂದೇ: ಇನ್ನೊಬ್ಬರ ನೋವನ್ನು ಹಾಡುವ ಹಕ್ಕು ಯಾರಿಗಿದೆ?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಕಲೆ ಎಲ್ಲರದು ಎನ್ನುವುದು ಒಂದು. ನಮ್ಮ ಕಾವ್ಯಮೀಮಾಂಸೆಯ ಸಾಧಾರಣೀಕರಣವೂ ಇದಕ್ಕೆ ಹತ್ತಿರದ ಮಾತು: ಒಬ್ಬರ ದುಃಖ ಕಲೆಯಾದ ಮೇಲೆ ಅವರೊಬ್ಬರದೇ ಆಗಿ ಉಳಿಯುವುದಿಲ್ಲ. ನೋವುಂಡವರೇ ಹಾಡಬೇಕು ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯವಿದೆ, ಎರಡೂ ಸಾಲುವುದಿಲ್ಲ.

ಎರಡನೆಯ ಉತ್ತರವನ್ನು ಈ ಆಲ್ಬಮ್ಮೇ ಅಲ್ಲಾಡಿಸುತ್ತದೆ. ಬ್ಲೂಸ್ ಎಂದರೆ ಹತ್ತಿಹೊಲದಿಂದ ತಾನಾಗಿ ಎದ್ದ ಒಂದೇ ಕೂಗು ಎಂದು ನಂಬಿದವರು ಇಲ್ಲಿನ ವೈವಿಧ್ಯವನ್ನು ಗಮನಿಸಬೇಕು. ಲೆರಾಯ್ ಕಾರ್ ಇಂಡಿಯಾನಾಪೊಲಿಸ್ ನಗರದಲ್ಲಿ ಪಿಯಾನೊ ನುಡಿಸುತ್ತ ಮೆಲುದನಿಯಲ್ಲಿ ಹಾಡಿದವನು. ಬಾರ್ಬೆಕ್ಯೂ ಬಾಬ್ ಅಟ್ಲಾಂಟಾದ ಹನ್ನೆರಡು ತಂತಿಯ ಗಿಟಾರಿನವನು. ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ತೋಟ ಬಿಟ್ಟು 1943ರಲ್ಲಿ ಶಿಕಾಗೊ ಸೇರಿ, ಹಳ್ಳಿಯ ಮಟ್ಟುಗಳನ್ನು ವಿದ್ಯುತ್ ಗಿಟಾರಿಗೆ ಏರಿಸಿದವನು. ಲಾಸ್ ಏಂಜಲೀಸಿನ ಚಾರ್ಲ್ಸ್ ಬ್ರೌನ್ ರಸಾಯನಶಾಸ್ತ್ರದ ಪದವೀಧರ, ಕೆಲಕಾಲ ಶಾಲಾ ಮೇಷ್ಟರು. ವರ್ಣಭೇದದ ಬಿಸಿ ಇವರೆಲ್ಲರಿಗೂ ತಟ್ಟಿತ್ತು. ಆದರೆ ಅದನ್ನು ಹಾಡಾಗಿಸಿದ್ದು ಒಬ್ಬೊಬ್ಬರೂ ಬೇರೆಬೇರೆಯಾಗಿ ಪಳಗಿಸಿಕೊಂಡ ಕಸುಬು. ಬ್ಲೂಸನ್ನು ಬರೀ ನೋವೆಂದು ಹೊಗಳುವವರು ಆ ಕಸುಬುದಾರಿಕೆಯನ್ನು ಕಡೆಗಣಿಸುತ್ತಾರೆ. ಗೌರವದ ವೇಷದಲ್ಲಿ ಬರುವ ಅಗೌರವ ಇದು.

ನೋವನ್ನು ಎರವಲು ತರಲಾಗದು, ಕಸುಬನ್ನು ಕಲಿಯಬಹುದು. ಕ್ಲಾಪ್ಟನ್ ಕಲಿತ, ಒಂದೊಂದು ಶೈಲಿಗೂ ಗಿಟಾರಿನ ದನಿ, ಕಂಠದ ಒರಟುತನ ಎಲ್ಲವನ್ನೂ ಬದಲಿಸಿಕೊಂಡ. ಆದ್ದರಿಂದ ‘ಹಾಡಬಹುದೇ’ ಎನ್ನುವುದಕ್ಕಿಂತ ‘ಹಾಡಿದ ಮೇಲೆ ಏನು ಬಾಕಿ ಉಳಿಯುತ್ತದೆ’ ಎನ್ನುವುದೇ ಸರಿಯಾದ ಪ್ರಶ್ನೆ ಎಂದು ನನಗನಿಸುತ್ತದೆ. ಹಕ್ಕಿನ ಭಾಷೆಗಿಂತ ಋಣದ ಭಾಷೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಋಣದ ಮೊದಲ ಪದರ ಹೆಸರು ಮತ್ತು ಹಣ. ಸ್ಕಿಪ್ ಜೇಮ್ಸ್ 1931ರಲ್ಲಿ ಧ್ವನಿಮುದ್ರಿಸಿದ ಹಾಡೊಂದನ್ನು ಕ್ಲಾಪ್ಟನ್ ಇದ್ದ ಕ್ರೀಮ್ ತಂಡ 1966ರಲ್ಲಿ ಅವನ ಹೆಸರು ಹಾಕಿಯೇ ಹಾಡಿತು. ಕಾಯಿಲೆ, ಬಡತನಗಳಲ್ಲಿದ್ದ ಮುದುಕನಿಗೆ ಗೌರವಧನ ತಲುಪಿತು. ಲೆಡ್ ಜೆಪ್ಲಿನ್ ತಂಡ 1969ರಲ್ಲಿ ವಿಲ್ಲಿ ಡಿಕ್ಸನ್ ರಚನೆಯ ಸಾಲುಗಳನ್ನು ಬಳಸಿ ಅವನ ಹೆಸರು ಬಿಟ್ಟಿತು. ಅವನು 1985ರಲ್ಲಿ ಮೊಕದ್ದಮೆ ಹೂಡಬೇಕಾಯಿತು, ರಾಜಿಯಾದದ್ದು 1987ರಲ್ಲಿ. ಹಾಡು ಎಲ್ಲರದು ಎಂಬ ಉದಾರ ಮಾತಿಗೆ ಇಲ್ಲೇ ತಡೆ ಬೀಳುತ್ತದೆ. ಸಾಧಾರಣೀಕರಣ ರಸಕ್ಕೆ ಸಲ್ಲುತ್ತದೆ, ಸಂಭಾವನೆಗಲ್ಲ.

ಹಾಗಾದರೆ ಹೆಸರು ಬರೆದು ಹಣ ಕೊಟ್ಟರೆ ಲೆಕ್ಕ ಚುಕ್ತಾ ಆಯಿತೇ? ಅಡಿಟಿಪ್ಪಣಿ ಹಾಕಿದರೆ ಋಣ ಮುಗಿಯಿತು ಎಂದುಕೊಳ್ಳುವ ನಮ್ಮಂಥ ಸಂಶೋಧಕರಿಗೆ ಹೌದು ಎನ್ನುವ ಆಸೆ. ಆದರೆ 1976ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯ ಮೇಲೆ ನಿಂತು ಇದೇ ಕ್ಲಾಪ್ಟನ್, ವಲಸಿಗರು ದೇಶ ಬಿಟ್ಟು ತೊಲಗಬೇಕೆಂದು ಅರಚಿದ. ವಲಸೆವಿರೋಧಿ ರಾಜಕಾರಣಿ ಇನಾಕ್ ಪೊವೆಲ್‌ನನ್ನು ಬೆಂಬಲಿಸಿದ. ಅದಕ್ಕೆ ಎರಡೇ ವರ್ಷ ಹಿಂದೆ ಜಮೈಕಾದ ಬಾಬ್ ಮಾರ್ಲಿಯ ಹಾಡು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನ ಗಳಿಸಿದ್ದ. ಆ ಮಾತಿಗೆ ಉತ್ತರವಾಗಿಯೇ ‘ರಾಕ್ ಅಗೇನ್ಸ್ಟ್ ರೇಸಿಸಂ’ ಚಳವಳಿ ಹುಟ್ಟಿತು. ದಶಕಗಳ ಬಳಿಕ ಕ್ಲಾಪ್ಟನ್ ಅದಕ್ಕಾಗಿ ನಾಚಿಕೆಪಟ್ಟುಕೊಂಡ.

ಕುಡಿದ ಅಮಲಿನ ಮಾತೆಂದು ಇದನ್ನು ತಳ್ಳಿಹಾಕಲು ನನ್ನಿಂದಾಗದು. ಒಂದು ಜನರ ಹಾಡನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿಯೂ ಅದೇ ಬಣ್ಣದವರು ಪಕ್ಕದ ಮನೆಯಲ್ಲಿರುವುದನ್ನು ಸಹಿಸದಿರಬಹುದು ಎಂಬ ಕಹಿಯನ್ನು ಅದು ಕಲಿಸುತ್ತದೆ. ಕಲೆ ಮನಸ್ಸನ್ನು ಹಿಗ್ಗಿಸುತ್ತದೆ ಎಂದು ಸಾಹಿತ್ಯದ ತರಗತಿಗಳಲ್ಲಿ ಹೇಳುತ್ತೇವೆ. ಹಿಗ್ಗಿಸಬಹುದು, ಅಷ್ಟೆ. ಉಳಿದದ್ದನ್ನು ನಾವೇ ಮಾಡಬೇಕು. ಹಾಡಿನ ಋಣ ಹಾಡಿನೊಳಗೇ ತೀರುವುದಿಲ್ಲ. ಆ ಹಾಡು ಯಾರದೋ ಅವರ ಜೊತೆ ಬದುಕುವ ರೀತಿಯಲ್ಲಿ ತೀರಬೇಕು.

ಹಾಗೆಂದು ಈ ಆಲ್ಬಮ್ಮನ್ನು ನಾನು ಬಿಟ್ಟಿಲ್ಲ. ಬಿಟ್ಟರೆ ನನ್ನ ಕೈ ಶುದ್ಧವಾದಂತೆ ಕಾಣಬಹುದು. ಲೆರಾಯ್ ಕಾರ್‌ಗೆ ಅದರಿಂದ ಏನೂ ಸಿಗದು. ಕೇಳುಗರಿಗೂ ಒಂದು ಪಾಲಿನ ಋಣವಿದೆ: ಕ್ಲಾಪ್ಟನ್‌ನಲ್ಲೇ ನಿಲ್ಲದೆ ಹಿಂದಕ್ಕೆ ನಡೆಯುವುದು. ಕಾರ್ 1928ರಲ್ಲಿ ಹಾಡಿದ ‘ಹೌ ಲಾಂಗ್’ ಕೇಳಿದ ಮೇಲೆ ಕ್ಲಾಪ್ಟನ್‌ನದು ಒಳ್ಳೆಯ ಶಿಷ್ಯನ ಹಾಡಿನಂತೆ ಕೇಳಿಸುತ್ತದೆ. ಅದು ಕಡಿಮೆಯೇನಲ್ಲ. ಆದರೆ ಶಿಷ್ಯನನ್ನು ಗುರುವಿನ ಜಾಗದಲ್ಲಿ ಕೂರಿಸದಿರುವುದು ಕೇಳುವವರ ಜವಾಬ್ದಾರಿ.