ಕ್ರಿಯಾಪದದ ಬಾಲ

ಇಟಾಲಿಯನ್ ಭಾಷೆಯ ನಿಯಮಬದ್ಧ ಕ್ರಿಯಾಪದಗಳಲ್ಲಿ ಮೂರು ಗುಂಪು: ಆರೆ, ಎರೆ, ಇರೆ ಎಂದು ಕೊನೆಯಾಗುವಂಥವು. ಆ ಬಾಲ ಕತ್ತರಿಸಿ, ಕರ್ತೃವಿಗೆ ಹೊಂದುವ ಬಾಲ ಅಂಟಿಸಿದರಾಯಿತು. ಪಾರ್ಲಾರೆ ಎಂದರೆ ಮಾತಾಡುವುದು. ಪಾರ್ಲೊ, ಮಾತಾಡುತ್ತೇನೆ. ಪಾರ್ಲಿ, ಮಾತಾಡುತ್ತೀಯ. ಕನ್ನಡಿಗರಿಗೆ ಇದೇನೂ ಹೊಸದಲ್ಲ. 'ನಾನು' ಅನ್ನದೆ ಬರೀ 'ಬರ್ತೀನಿ' ಅಂದರೆ ನಮಗೂ ಸಾಕಲ್ಲ.

ಮಿಲಾನಿನ ಗ್ರಾಹಕರೊಬ್ಬರ ಕೆಲಸಕ್ಕಾಗಿ ಈ ಭಾಷೆ ಕಲಿಯುತ್ತಿದ್ದೇನೆ. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಐರೋಲಿ. ಲೋಕಲ್ಲಿನಲ್ಲೇ ನನ್ನ ಬಾಯಿಪಾಠ. ಆ ಪಟ್ಟಿಯಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು 'ಪಾರ್ಲಾ'. ಅವನು, ಅವಳು, ಗೌರವದ 'ನೀವು', ಮೂವರಿಗೂ ಅದೇ ರೂಪ. ಕನ್ನಡದಲ್ಲಿ ಆ ಅನುಕೂಲವಿಲ್ಲ. ತಾನೆ, ತಾಳೆ, ತಾರೆ: ಒಂದನ್ನು ಆರಿಸದೆ ವಾಕ್ಯವೇ ಮುಗಿಯದು.

ಹಾಗಾಗಿ ನಮ್ಮ ಮನೆಗಳಲ್ಲಿ 'ಡಾಕ್ಟರ್ ಬಂದ್ರಾ?' ಮತ್ತು 'ಬಾಯಿ ಬಂದ್ಲಾ?' ಎರಡೂ ಒಂದೇ ಬಾಯಿಂದ ಬರುತ್ತವೆ. ಕೆಲಸದ ಬಾಯಿ ವಯಸ್ಸಿನಲ್ಲಿ ಹಿರಿಯರಾದರೂ ಅಷ್ಟೇ. ಮರಾಠಿಯಲ್ಲೂ ಹೀಗೇ: ಡಾಕ್ಟರ್ 'ಆಲೇ', ಬಾಯಿ 'ಆಲೀ'. ಕೇಳಿದರೆ, 'ಅದು ಭಾಷೆ ಇರೋದೇ ಹಾಗೆ ರೀ' ಎನ್ನುತ್ತೇವೆ. ಆದರೆ 'ಬಂದಳು' ಎಷ್ಟು ನಿಯಮಬದ್ಧವೋ 'ಬಂದರು' ಕೂಡ ಅಷ್ಟೇ ನಿಯಮಬದ್ಧ. ವ್ಯಾಕರಣ ಎರಡನ್ನೂ ಕೊಟ್ಟಿದೆ. ಯಾರಿಗೆ ಯಾವುದು ಎಂಬ ತೀರ್ಪು ನಮ್ಮದು.

ಏಕವಚನವೆಲ್ಲ ಅವಮಾನವೇ? ಅಲ್ಲ. 'ಅಮ್ಮ ಬಂದಳು' ಅನ್ನುತ್ತೇವೆ, ದೇವರನ್ನೂ 'ನೀನು' ಅನ್ನುತ್ತೇವೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರ ತಮ್ಮ ಲೇಖನದಲ್ಲಿ ಇಂಥ ಸರ್ವನಾಮಗಳ ಹಿಂದೆ ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಎಳೆ ಗುರುತಿಸಿದರು. ಯಾವುದು ಯಾವುದೆಂದು ತಿಳಿಯಲು ನನಗೆ ಸರಳವಾದ ಪರೀಕ್ಷೆಯೊಂದಿದೆ: ನಾವು ಕೊಟ್ಟ ವಚನ ನಮಗೆ ವಾಪಸು ಬರಬಹುದೇ? ಅಮ್ಮನೂ 'ಮಗ ಬಂದ' ಅನ್ನುತ್ತಾಳೆ. ಬಾಯಿ ನಮ್ಮ ಬಗ್ಗೆ, ನಮ್ಮೆದುರಿಗೆ, 'ಸಾಹೇಬ ಆಲಾ' ಅಂದರೆ ನಮಗೆ ಹಿತವಾಗುತ್ತದೆಯೇ?

ಕಾನೂನಿನಿಂದ ಇದು ಸರಿಹೋಗದು. ಮುಸೊಲಿನಿಯ ಸರ್ಕಾರ 1938ರಲ್ಲಿ ಗೌರವದ 'ಲೇಯಿ'ಯನ್ನು ತೆಗೆದು 'ವೋಯಿ' ಬಳಸಿ ಎಂದು ಆಜ್ಞೆ ಹೊರಡಿಸಿತ್ತು. ಆಡಳಿತ ಬಿತ್ತು, 'ಲೇಯಿ' ಮರಳಿತು. ಇಂದು ನಾನು ಕಲಿಯುತ್ತಿರುವುದೂ ಅದನ್ನೇ.

ಬಹುವಚನದಿಂದ ಹೊಟ್ಟೆ ತುಂಬದು, ಸಂಬಳ ಏರಿಸಿ ಎನ್ನುವವರಿದ್ದಾರೆ. ಒಪ್ಪುತ್ತೇನೆ, ಸಂಬಳದ ಬದಲಿಗೆ ಕೊಟ್ಟ ಗೌರವ ಅಗ್ಗದ ಗೌರವ. ಆದರೆ ಇದು ಒಂದರ ಬದಲು ಇನ್ನೊಂದಲ್ಲವಲ್ಲ. ಮೇಲಾಗಿ, ಕಲ್ಯಾಣ, ಡೊಂಬಿವಲಿಯಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಸಿಗುವುದು ಮನೆಯಲ್ಲಿ ಮಾತ್ರ. ಯಾರು 'ಬಂದರು', ಯಾರು 'ಬಂದಳು' ಎಂಬುದನ್ನು ಅವರು ನಮ್ಮಿಂದಲೇ ಕಲಿಯುತ್ತಾರೆ. ತಪ್ಪು ಕಲಿಸಿದರೆ ತಿದ್ದಲು ಅವರಿಗೆ ಕನ್ನಡದ ಮೇಷ್ಟ್ರು ಕೂಡ ಇರುವುದಿಲ್ಲ.