ರುಚಿ ಬಲ್ಲವನು ಮತ್ತು ಕುಡುಕ

ಹದಿನಾರು ವರ್ಷ ಹಳೆಯ, ಹೊಗೆವಾಸನೆಯ ಸಿಂಗಲ್ ಮಾಲ್ಟ್ ಸ್ಕಾಚನ್ನು ಮೂಸಿ, ಒಂದು ಗುಟುಕು ಹೀರಿ, ಅದರ ಗುಣದೋಷ ಹೇಳಬಲ್ಲವನಿಗೆ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲೂ ಈಗ ಒಂದು ಮರ್ಯಾದೆಯಿದೆ. 'ಅವನಿಗೆ ಒಳ್ಳೆಯ ಟೇಸ್ಟ್ ಇದೆ' ಎನ್ನುತ್ತಾರೆ. ಊರಿನಲ್ಲಿ ಕಳ್ಳಿನ ರುಚಿ ಬಲ್ಲವನಿಗೆ ಮಾತ್ರ ಕುಡುಕನೆಂಬ ಹೆಸರು. ಒಬ್ಬನದು ಸಂಸ್ಕಾರ, ಇನ್ನೊಬ್ಬನದು ಚಟ ಆದದ್ದು ಹೇಗೆ?

ಸ್ಕಾಚ್ ಪರೀಕ್ಷೆ ಸುಳ್ಳಲ್ಲ, ಅದು ಕಲಿಯಬೇಕಾದ ವಿದ್ಯೆಯೇ. ಮೊಳಕೆ ಬಂದ ಬಾರ್ಲಿಯನ್ನು ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿಸಿದಾಗ ಆ ವಾಸನೆ ಹತ್ತುತ್ತದೆ. ಪೀಪಾಯಿಯಲ್ಲಿ ವರ್ಷಗಳು ಕಳೆದಂತೆ ಹೊಗೆ ಮೆತ್ತಗಾಗಿ ಮರದ ಗುಣ ಮುಂದೆ ಬರುತ್ತದೆ. ಹಾಗಾಗಿ ಹಳೆಯದರಲ್ಲಿ ಹುಡುಕಬೇಕಾದದ್ದು ಹೊಗೆಯ ಜೋರನ್ನಲ್ಲ, ಹೊಗೆಗೂ ಮರಕ್ಕೂ ಕೂಡಿಬಂದ ಹದವನ್ನು. ಬಾಟಲಿಯ ಮೇಲಿನ ವಯಸ್ಸು ಅದರಲ್ಲಿ ಬೆರೆತ ಮದ್ಯಗಳ ಪೈಕಿ ಎಲ್ಲಕ್ಕಿಂತ ಕಿರಿಯದರದ್ದು. ಆ ಅಂಕಿಯೂ ಹವೆಯನ್ನು ಬಿಟ್ಟು ನಿಲ್ಲುವುದಿಲ್ಲ. ಸ್ಕಾಟ್‌ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2 ಪ್ರತಿಶತ ಆವಿಯಾದರೆ, ಬೆಂಗಳೂರಿನಲ್ಲಿ 10 ಪ್ರತಿಶತಕ್ಕೂ ಮಿಕ್ಕಿ ಹಾರಿಹೋಗುತ್ತದೆ. ಅಲ್ಲಿನ ಹದಿನಾರು ವರ್ಷವನ್ನು ಇಲ್ಲಿ ಹಾಗೆಯೇ ಎಣಿಸಲಾಗದು.

ಇನ್ನು ಕಳ್ಳು. ಹೊಂಬಾಳೆಯನ್ನು ತಟ್ಟಿ ಹದಗೊಳಿಸಿ, ದಿನವೂ ತೆಳ್ಳಗೆ ಕೆತ್ತಿ ಇಳಿಸುವ ಈ ರಸ ಇಳಿಯುತ್ತಿರುವಾಗಲೇ ಹುಳಿಯತೊಡಗುತ್ತದೆ. ಬೆಳಗಿನದಕ್ಕೆ ಒಂದು ರುಚಿ, ಸಂಜೆಯದಕ್ಕೆ ಇನ್ನೊಂದು. ಮೂರ್ತೆಯವನ ಮೂಗು ಮರವನ್ನು, ಹೊತ್ತನ್ನು, ಹುಳಿಯ ಮಟ್ಟವನ್ನು ಗುರುತಿಸುತ್ತದೆ. ವಿಸ್ಕಿಗೆ ಕಾಯುವ ವಿದ್ಯೆ ಬೇಕು, ಕಳ್ಳಿಗೆ ತಡಮಾಡದ ವಿದ್ಯೆ. ನಾಲಗೆಯ ಸೂಕ್ಷ್ಮದಲ್ಲಿ ಇವರಲ್ಲಿ ಯಾರು ಕಡಿಮೆ? ಕಡಿಮೆಯಿರುವುದು ಬೆಲೆ, ಬಾಟಲಿ, ಇಂಗ್ಲಿಷು.

ಕರ್ನಾಟಕ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಮನೆಗಳನ್ನು ಮುರಿದ ಸಾರಾಯಿಯ ವಿರುದ್ಧ ಹೆಂಗಸರ ಸಿಟ್ಟು ನ್ಯಾಯವಾದದ್ದೇ. ಅದೇ ರಾಜ್ಯದ ಅಮೃತ್ ಫ್ಯೂಷನ್, ನಮ್ಮ ಬಾರ್ಲಿಗೆ ಸ್ಕಾಟ್‌ಲೆಂಡಿನ ಹೊಗೆಬಾರ್ಲಿ ಸೇರಿಸಿ ಮಾಡಿದ ವಿಸ್ಕಿ, 2010ರಲ್ಲಿ ಜಿಮ್ ಮರೇ ಅವರ 'ವಿಸ್ಕಿ ಬೈಬಲ್'ನಲ್ಲಿ ಜಗತ್ತಿಗೇ ಮೂರನೆಯದಾಗಿ ನಿಂತಾಗ ನಾವು ಹೆಮ್ಮೆಪಟ್ಟೆವು. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯಿದೆಯ ಪ್ರಕಾರ ಕುಡಿಯಲು ಇಂದಿಗೂ ಪರವಾನಗಿ ಬೇಕು. ಕೈಯಲ್ಲಿರುವುದು ಹದಿನಾರು ವರ್ಷದ್ದಾದರೂ ಕಾಯಿದೆಯ ಕಣ್ಣಿಗೆ ಅದು ಮದ್ಯವೇ.

ಸಾಂತಾಕ್ರೂಜ್ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರದಲ್ಲೇ ಬಿಲ್ಲವ ಭವನವಿದೆ. ಬಿಲ್ಲವರಲ್ಲಿ ಅನೇಕರ ಕುಲಕಸುಬು ಮೂರ್ತೆ. ಅವರು ಪೂಜಿಸುವ ನಾರಾಯಣ ಗುರುಗಳು ಹುಟ್ಟಿದ ಈಳವ ಸಮುದಾಯಕ್ಕೂ ಕಳ್ಳಿನ ಕಸುಬಿನ ನಂಟಿತ್ತು. ಮದ್ಯವನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದು ಗುರುಗಳು ಹೇಳಿದ್ದು ಅನ್ನ ಕೊಡುತ್ತಿದ್ದ ಕಸುಬನ್ನೇ ಬಿಡಿರೆಂಬ ಮಾತಾಗಿತ್ತು. ಆ ಮಾತಿನಲ್ಲಿ ಅಗ್ಗದ್ದಕ್ಕೊಂದು, ದುಬಾರಿಯದಕ್ಕೊಂದು ಎಂಬ ಭೇದವಿಲ್ಲ. ಆ ತ್ಯಾಗ ಮಾಡಿದವರ ಮೊಮ್ಮಕ್ಕಳು ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಿಂದ ತಂದ ಬಾಟಲಿಯನ್ನು ಶೋಕೇಸಿನಲ್ಲಿ ಇಟ್ಟರೆ ಅದು ಅವರ ಇಷ್ಟ. ಆದರೆ ಅಜ್ಜನ ಕಸುಬು ನಾಚಿಕೆಯದು, ತನ್ನ ಬಾಟಲಿ ಘನತೆಯದು ಎಂಬ ಲೆಕ್ಕ ಗುರುಗಳಿಂದ ಬಂದದ್ದಲ್ಲ.

ಹಾಗಾದರೆ ರುಚಿ ನೋಡುವುದೇ ತಪ್ಪೇ? ನನಗೆ ಹಾಗೆ ಅನ್ನಿಸುವುದಿಲ್ಲ. ಯಾವುದನ್ನೇ ಆಗಲಿ ಗಮನವಿಟ್ಟು ಅನುಭವಿಸುವುದು ಒಳ್ಳೆಯದೇ. ಆದರೆ ಅದೊಂದು ಕೌಶಲ, ಸದ್ಗುಣವಲ್ಲ. ಹೊಗೆಯ ಹಿಂದಿನ ಜೇನಿನ ವಾಸನೆ ಹಿಡಿಯುವ ಮೂಗಿನವನೇ ಮನೆಕೆಲಸದವಳನ್ನು ಗದರಿಸುವವನೂ ಆಗಿರಬಹುದು. ಎಲ್ಲಿ ನಿಲ್ಲಿಸಬೇಕು, ಕುಡಿಯದವನನ್ನು ಒತ್ತಾಯಿಸದಿರುವುದು ಹೇಗೆ, ಬೇರೆಯದನ್ನು ಕುಡಿಯುವವನನ್ನು ಕೀಳಾಗಿ ಕಾಣದಿರುವುದು ಹೇಗೆ – ಇವನ್ನು ಯಾವ ಪೀಪಾಯಿಯೂ ಕಲಿಸುವುದಿಲ್ಲ.

ನಮ್ಮ ಮೆಚ್ಚುಗೆ ರುಚಿಗೋ ಬೆಲೆಗೋ ಎಂದು ತಿಳಿಯಲು ಲೇಬಲ್ ಮುಚ್ಚಿ ಕುಡಿದು ನೋಡಬಹುದು. ಇನ್ನೊಂದು ದಾರಿಯೂ ಇದೆ. ಸ್ಕಾಚಿನ ಬಗ್ಗೆ ತೋರುವಷ್ಟೇ ಕುತೂಹಲದಿಂದ, ಊರಿಗೆ ಹೋದಾಗ ಹಿರಿಯರೊಬ್ಬರನ್ನು ಒಳ್ಳೆಯ ಕಳ್ಳಿನ ಗುರುತೇನೆಂದು ಕೇಳಬೇಕು. ಕೇಳಲು ನಾಚಿಕೆಯಾದರೆ, ನಾವು ಇಷ್ಟು ದಿನ ಅಳೆಯುತ್ತಿದ್ದದ್ದು ರುಚಿಯನ್ನಲ್ಲ.